ನಮ್ಮ ಬ್ಯಾಪ್ಟಿಸ್ಟ್ ಸಭೆಯ ಹಳೇ ದೇವಾಲಯ: ಕೆಡವಿ ಕಟ್ಟೋದಾ, ರಿಪೇರಿ ಮಾಡೋದಾ?

ಸಭೆಯ ಕಾರ್ಯದರ್ಶಿ

ಎಲ್ಲರಿಗೂ ವಂದನೆಗಳು. ನಮ್ಮದು ಚಿಕ್ಕ ಬ್ಯಾಪ್ಟಿಸ್ಟ್ ಸಭೆ. ಭಾನುವಾರ ನೂರಿಪ್ಪತ್ತು ಜನ ಸೇರುತ್ತೇವೆ. ದೇವಾಲಯ ನಮ್ಮ ಅಜ್ಜಂದಿರ ಕಾಲದ್ದು. ಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ತೊಲೆ, ಮೇಲೆ ಹೆಂಚು.

ಈಗಿನ ಸ್ಥಿತಿ ಹೇಳುತ್ತೇನೆ. ಪ್ರಸಂಗ ಪೀಠದ ಹಿಂದಿನ ಗೋಡೆ ಸೊಂಟದ ಎತ್ತರದವರೆಗೆ ಸದಾ ಒದ್ದೆ. ವರ್ಷಕ್ಕೊಮ್ಮೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಸುತ್ತೇವೆ. ಆರು ತಿಂಗಳಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಉದುರುತ್ತದೆ. ಎಡಗಡೆ ಮೂರನೇ ಬೆಂಚಿನ ಮೇಲೆ ಹೆಂಚು ಸೋರುತ್ತದೆ, ಮಳೆ ಬಂದರೆ ಅಲ್ಲಿ ಬಕೆಟ್ ಇಡುತ್ತೇವೆ. ಸಂಡೆ ಸ್ಕೂಲಿಗೆ ಕೋಣೆಯೇ ಇಲ್ಲ, ಮಕ್ಕಳು ಹಿಂದಿನ ಜಗಲಿಯಲ್ಲಿ ಕೂರುತ್ತಾರೆ. ಬಾಗಿಲಿಗೆ ಐದು ಮೆಟ್ಟಿಲು. ನಡೆಯಲಾಗದ ಇಬ್ಬರು ಹಿರಿಯ ಅಮ್ಮಂದಿರನ್ನು ಪ್ರತಿ ವಾರ ಕುರ್ಚಿ ಸಮೇತ ಎತ್ತಿಕೊಂಡು ಒಳಗೆ ತರುತ್ತೇವೆ.

ಸಮಿತಿಯಲ್ಲಿ ಎರಡು ಗುಂಪಾಗಿದೆ. ಪೂರ್ತಿ ಕೆಡವಿ ಎರಡು ಮಹಡಿಯ ಹೊಸ ಕಟ್ಟಡ ಕಟ್ಟೋಣ ಅಂತ ಕೆಲವರು. ಒಂದು ಕಲ್ಲನ್ನೂ ಮುಟ್ಟಬಾರದು ಅಂತ ಇನ್ನು ಕೆಲವರು. ಎರಡೂ ಕಡೆಯವರಿಗೆ ಸಭೆಯ ಮೇಲೆ ಪ್ರೀತಿ ಇದೆ. ಮಾತು ಮಾತ್ರ ಬಿಸಿಯಾಗುತ್ತಿದೆ.

ಇದರ ಜೊತೆಗೆ ಸಭೆಯ ಇತಿಹಾಸ ಬರೆಯುವ ಕೆಲಸವನ್ನೂ ನನಗೇ ಒಪ್ಪಿಸಿದ್ದಾರೆ. ನೂರು ವರ್ಷದ ಕೃತಜ್ಞತಾ ಆರಾಧನೆ ಹತ್ತಿರ ಬರುತ್ತಿದೆ, ಅಷ್ಟರಲ್ಲಿ ಪುಸ್ತಕ ಆಗಬೇಕು. ಒಂದು ಬೀರು ತುಂಬ ಹಳೇ ಕಾಗದ ಇದೆ. ಮೊದಲು ಕಟ್ಟಡದ ಕೆಲಸ ಮುಗಿಸಿ ಆಮೇಲೆ ಇತಿಹಾಸಕ್ಕೆ ಕೈ ಹಾಕೋಣ ಅಂದುಕೊಂಡಿದ್ದೇನೆ. ಅನುಭವ ಇರುವವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ಹಳೇ ಗೋಡೆ ಮೇಸ್ತ್ರಿ

ಕಾರ್ಯದರ್ಶಿಗಳೇ, ನಮಸ್ಕಾರ. ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ಮೊದಲ ಮಾತು, ಆ ಗೋಡೆಗೆ ಸಿಮೆಂಟ್ ಮೆತ್ತುವುದನ್ನು ಇವತ್ತೇ ನಿಲ್ಲಿಸಿ.

ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ಒಳಗೆ ಸೇರಿದ ತೇವ ಮೆಲ್ಲಗೆ ಹೊರಗೆ ಬಂದು ಗಾಳಿಯಲ್ಲಿ ಆರುತ್ತದೆ. ಸಿಮೆಂಟ್ ಹೊದಿಸಿದರೆ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ. ಒಳಗೊಳಗೇ ಮೇಲಕ್ಕೆ ಹತ್ತುತ್ತದೆ. ಜೊತೆಗೆ ಮಣ್ಣಿನ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಆ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಉಬ್ಬಿಕೊಂಡಾಗ ಬಣ್ಣ ಚಕ್ಕೆ ಏಳುತ್ತದೆ. ನೀವು ಪ್ರತಿ ವರ್ಷ ರಿಪೇರಿ ಮಾಡಿಸುತ್ತಿಲ್ಲ, ರೋಗವನ್ನು ಮುಚ್ಚಿಡುತ್ತಿದ್ದೀರಿ.

ಎರಡನೇ ಮಾತು, ಪೀಠದ ಹಿಂದಿನ ಗೋಡೆ ಮಾತ್ರ ಒದ್ದೆ, ಉಳಿದ ಮೂರು ಗೋಡೆ ಒಣಗಿವೆ ಅಲ್ವಾ? ಹಾಗಿದ್ದರೆ ನೀರು ಅಲ್ಲೇ ಎಲ್ಲೋ ಹತ್ತಿರದಿಂದ ಬರುತ್ತಿದೆ. ನಿಮ್ಮದು ಬ್ಯಾಪ್ಟಿಸ್ಟ್ ಸಭೆ, ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಕೊಡುವವರು. ಆ ದೀಕ್ಷಾಸ್ನಾನದ ತೊಟ್ಟಿ ಎಲ್ಲಿದೆ?

ಸಭೆಯ ಕಾರ್ಯದರ್ಶಿ

ಹೌದು ಮೇಸ್ತ್ರಿಗಳೇ, ಉಳಿದ ಗೋಡೆಗಳು ಒಣಗಿವೆ. ತೊಟ್ಟಿ ಪೀಠದ ಮುಂದೆ, ವೇದಿಕೆಯ ಹಲಗೆಗಳ ಕೆಳಗೇ ಇದೆ. ದೀಕ್ಷಾಸ್ನಾನ ಇದ್ದಾಗ ಮಾತ್ರ ಹಲಗೆ ತೆಗೆಯುತ್ತೇವೆ.

ಇತಿಹಾಸ ಓದುವವಳು

ಅಣ್ಣಾ, ನಿಮ್ಮ ಕೊನೆಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಮೊದಲು ಕಟ್ಟಡ, ಆಮೇಲೆ ಇತಿಹಾಸ ಅಂದಿದ್ದೀರಿ. ದಯವಿಟ್ಟು ತಿರುಗಿಸಿ. ಮೊದಲು ಆ ಬೀರು ತೆರೆಯಿರಿ.

ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಬ್ಯಾಪ್ಟಿಸ್ಟರ ಕಟ್ಟಡಗಳ ಕಥೆಯೇ ಬೇರೆ. ನಮ್ಮವರು ಕಟ್ಟಡದಿಂದ ಶುರು ಮಾಡಿದವರಲ್ಲ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಮತ್ತು ಜೊತೆಗಾರರು ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಅಂತ ಸಭೆ ಕಟ್ಟಿಕೊಂಡರು. ಇಂಗ್ಲೆಂಡಿನಿಂದ ಓಡಿ ಬಂದಿದ್ದ ಆ ಜನ ಒಂದು ಹಳೇ ಬೇಕರಿ ಕಟ್ಟಡದಲ್ಲಿ ಆಶ್ರಯ ಪಡೆದಿದ್ದರು. ಅವರಲ್ಲಿ ಒಬ್ಬರಾದ ಥಾಮಸ್ ಹೆಲ್ವಿಸ್ ಲಂಡನ್ನಿಗೆ ಮರಳಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ಶುರು ಮಾಡಿದರು. ಎಲ್ಲರ ಮನಸ್ಸಾಕ್ಷಿಗೂ ಸ್ವಾತಂತ್ರ್ಯ ಬೇಕು ಅಂತ ರಾಜನಿಗೇ ಬರೆದದ್ದಕ್ಕೆ ಜೈಲು ಸೇರಿ ಅಲ್ಲೇ ತೀರಿಕೊಂಡರು. ಇಂಥ ಸಭೆಗಳಿಗೂ ಆರಾಧನೆಯ ಸ್ವಾತಂತ್ರ್ಯ ಕೊಟ್ಟ 1689ರ ಸಹಿಷ್ಣುತಾ ಕಾಯ್ದೆ ಬರುವವರೆಗೆ ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ದೇವಾಲಯ ಕಟ್ಟುವ ಧೈರ್ಯವೇ ಕಷ್ಟ. ಅದಕ್ಕೇ ಹಳೇ ಬ್ಯಾಪ್ಟಿಸ್ಟ್ ದೇವಾಲಯಗಳು ಗಲ್ಲಿಯ ಒಳಗೆ, ಮನೆಯ ಹಾಗೆ ಕಾಣುತ್ತವೆ. ಟ್ಯೂಕ್ಸ್‌ಬರಿಯಲ್ಲಿ ಅಂಥದ್ದೊಂದು ಇವತ್ತಿಗೂ ಇದೆ. ಮೊದಲು ಅದು ವಾಸದ ಮನೆ. ನೆಲದ ಹಲಗೆಯ ಕೆಳಗೆ ದೀಕ್ಷಾಸ್ನಾನದ ತೊಟ್ಟಿ, ಥೇಟ್ ನಿಮ್ಮದರ ಹಾಗೆ. ಜಾನ್ ಬನ್ಯನ್ ಬೋಧಿಸುತ್ತಿದ್ದ ಬೆಡ್‌ಫರ್ಡ್ ಸಭೆಗೆ 1672ರಲ್ಲಿ ಸಿಕ್ಕ ಜಾಗ ತೋಟದೊಳಗಿನ ಒಂದು ಕೊಟ್ಟಿಗೆ.

ನಮ್ಮ ಭಾಷೆಗೆ ಹತ್ತಿರದ ಮಾತನ್ನೂ ಹೇಳಿಬಿಡುತ್ತೇನೆ. ಚಮ್ಮಾರ ಕೆಲಸ ಮಾಡಿಕೊಂಡಿದ್ದ ವಿಲಿಯಂ ಕೇರಿಗೆ 1783ರಲ್ಲಿ ಇಂಗ್ಲೆಂಡಿನ ನೆನ್ ನದಿಯಲ್ಲಿ ದೀಕ್ಷಾಸ್ನಾನ ಆಯಿತು. ಮುಂದೆ ಅವರು ಮಿಷನರಿಯಾಗಿ ಬಂಗಾಳದ ಸೆರಾಂಪುರಕ್ಕೆ ಬಂದರು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೃಷ್ಣ ಪಾಲ್‌ಗೆ ದೀಕ್ಷಾಸ್ನಾನ ಕೊಟ್ಟರು. ಕೃಷ್ಣ ಪಾಲ್ ಬಡಗಿ. ಅದೇ ಕೇರಿ 1817ರಲ್ಲಿ ಕನ್ನಡದ ವ್ಯಾಕರಣವನ್ನು ಪ್ರಕಟಿಸಿದರು. 1812ರ ಮಾರ್ಚ್ 11ರ ರಾತ್ರಿ ಸೆರಾಂಪುರದ ಮುದ್ರಣಾಲಯ ಸುಟ್ಟುಹೋಗಿತ್ತು, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾಗಿದ್ದವು. ಬೂದಿ ಕೆದಕಿದಾಗ ಅಚ್ಚಿನ ಮೊಳೆ ತಯಾರಿಸುವ ಉಕ್ಕಿನ ಪಡಿಯಚ್ಚುಗಳು ಸಿಕ್ಕವು. ಅವುಗಳಿಂದಲೇ ಕೆಲವೇ ತಿಂಗಳಲ್ಲಿ ಮತ್ತೆ ಕೆಲಸ ಶುರುವಾಯಿತು. ಏನು ಉಳಿದಿದೆ ಅಂತ ಮೊದಲು ಹುಡುಕಿದರು ನೋಡಿ, ಅದು ನನಗೆ ದೊಡ್ಡ ವಿಷಯ ಅನಿಸುತ್ತದೆ.

ಈಗ ನಿಮ್ಮ ವಿಷಯ. ಬ್ಯಾಪ್ಟಿಸ್ಟ್ ಸಭೆಯಲ್ಲಿ ಬಿಷಪ್ ಇಲ್ಲ. ಮೇಲಿನಿಂದ ಆದೇಶ ಬರುವುದಿಲ್ಲ, ದುಡ್ಡೂ ಬರುವುದಿಲ್ಲ. ಒಂದು ಕಿಟಕಿ ಬದಲಾಯಿಸಬೇಕಾದರೂ ಸದಸ್ಯರ ಸಭೆಯಲ್ಲಿ ಮಾತಾಡಿ, ಒಪ್ಪಿ, ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಹಾಗಾಗಿ ನಿಮ್ಮ ಕಟ್ಟಡದ ಬಗ್ಗೆ ಗೊತ್ತಿರಬೇಕಾದ್ದೆಲ್ಲ ಆ ಬೀರುವಿನಲ್ಲಿ ಇರುತ್ತದೆ. ಯಾವ ಗೋಡೆ ಯಾವಾಗ ಎದ್ದಿತು, ಯಾವ ಕಿಟಕಿ ಮುಚ್ಚಿದರು, ಎಲ್ಲಿ ನೀರು ನಿಂತಿತು, ಎಲ್ಲ. ನಕ್ಷೆ ಕಳೆದುಹೋಗಿದ್ದರೂ ನಡಾವಳಿ ಇರುತ್ತದೆ.

ಪುಸ್ತಕ ತೆರೆಯುವಾಗ ಎರಡು ಎಚ್ಚರಿಕೆ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಮೆಲ್ಲಗೆ ತೆಗೆಯಿರಿ, ಎಳೆಯಬೇಡಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಕಿಟಕಿಯ ಬೆಳಕಿನಲ್ಲಿ ಒಂದೊಂದು ಪುಟದ ಫೋಟೋ ತೆಗೆದುಕೊಂಡು ಫೋಟೋದಲ್ಲೇ ಓದಿ.

ಯುವಜನರ ಕೂಟ

ಅಕ್ಕಾ, ಚೆನ್ನಾಗಿ ಹೇಳಿದ್ದೀರಿ. ಆದರೆ ನಮ್ಮ ಕಡೆಯ ಮಾತೂ ಕೇಳಿ. ಕಾರ್ಯದರ್ಶಿ ಅಣ್ಣನ ಸಭೆ ನಮ್ಮದಲ್ಲ, ಆದರೆ ನಮ್ಮಲ್ಲೂ ಇದೇ ಜಗಳ ಆಗಿತ್ತು. ಹಳೇದು ಹಳೇದು ಅಂತ ಎಂಟು ವರ್ಷ ಮುಂದೂಡಿದರು. ಆ ಎಂಟು ವರ್ಷದಲ್ಲಿ ಸಂಡೆ ಸ್ಕೂಲಿನ ಮಕ್ಕಳು ದೊಡ್ಡವರಾದರು, ಅರ್ಧದಷ್ಟು ಜನ ಬರುವುದನ್ನೇ ಬಿಟ್ಟರು. ಕಟ್ಟಡ ಉಳಿಯಿತು, ಕೂರುವವರು ಉಳಿಯಲಿಲ್ಲ. ಜಗಲಿಯಲ್ಲಿ ಮಳೆ ಇರಚಲಿನ ನಡುವೆ ಕೂತು ವಾಕ್ಯ ಕಲಿಯುವ ಮಗುವಿಗೆ ಸುಣ್ಣದ ಗಾರೆ ಮುಖ್ಯ ಅಲ್ಲ.

ಸಭೆ ಅಂದರೆ ಜನ, ಕಟ್ಟಡ ಅಲ್ಲ. ಇದು ನಮ್ಮ ಹಿರಿಯರೇ ಕಲಿಸಿದ್ದು ಅಲ್ವಾ?

ನಿವೃತ್ತ ಪಾಸ್ಟರ್

ತಮ್ಮಾ, ನೀನು ಹೇಳಿದ್ದು ನಿಜ. ಜಗಲಿಯ ಮಕ್ಕಳನ್ನು ಮರೆತು ಮಾತಾಡಿದರೆ ನಾವು ತಪ್ಪು ಮಾಡಿದ ಹಾಗೆ.

ಆದರೆ ದೊಡ್ಡದು ಕಟ್ಟಿದವರ ಕಥೆಯನ್ನೂ ನೋಡು. ಅಮೆರಿಕದ ಪ್ರಾವಿಡೆನ್ಸ್ ಸಭೆ 1638ರದ್ದು, ಆ ದೇಶದ ಮೊದಲ ಬ್ಯಾಪ್ಟಿಸ್ಟ್ ಸಭೆ. ಅರವತ್ತು ವರ್ಷ ಮನೆಗಳಲ್ಲಿ, ಮರದ ನೆರಳಿನಲ್ಲಿ ಕೂಡಿದರು. 1700ರಲ್ಲಿ ಅವರ ಪಾಸ್ಟರ್ ಪಾರ್ಡನ್ ಟಿಲ್ಲಿಂಗ್‌ಹಾಸ್ಟ್ ಸ್ವಂತ ಖರ್ಚಿನಲ್ಲಿ ಮೊದಲ ಚಿಕ್ಕ ಕಟ್ಟಡ ಕಟ್ಟಿಸಿದರು. ಈಗ ನಿಂತಿರುವ ದೊಡ್ಡದನ್ನು ಕಟ್ಟಿದ್ದು 1774-75ರಲ್ಲಿ. ಬಾಸ್ಟನ್ ಬಂದರನ್ನು ಬ್ರಿಟಿಷರು ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡ ಹಡಗು ಬಡಗಿಗಳು ಬಂದು ಅದರ ಮರಗೆಲಸ ಮಾಡಿದರು. ಊರಿನಲ್ಲಿ ಆಗ ಇದ್ದವರು ಸುಮಾರು 4,300 ಜನ, ಕಟ್ಟಡದಲ್ಲಿ 1,200 ಜನರಿಗೆ ಜಾಗ. ಕಾಲೇಜಿನ ಪದವಿ ಸಮಾರಂಭಕ್ಕೂ ಆಗಲಿ ಅಂತ ಅಷ್ಟು ದೊಡ್ಡದು ಮಾಡಿದರು. ಯಾವುದಕ್ಕೆ ಬೇಕು ಅಂತ ಮೊದಲೇ ಯೋಚಿಸಿ ಕಟ್ಟಿದ್ದರಿಂದ ಅದು ಇವತ್ತಿಗೂ ಬಳಕೆಯಲ್ಲಿದೆ.

ಲಂಡನ್ನಿನಲ್ಲಿ ಹೆಸರಾಂತ ಬ್ಯಾಪ್ಟಿಸ್ಟ್ ಬೋಧಕ ಸ್ಪರ್ಜನ್ ಅವರ ದೇವಾಲಯ ಮೆಟ್ರೋಪಾಲಿಟನ್ ಟ್ಯಾಬರ್ನಕಲ್ 1861ರಲ್ಲಿ ತೆರೆದಾಗ ಒಂದು ಕಾಸೂ ಸಾಲ ಇರಲಿಲ್ಲ. ಐದು ಸಾವಿರಕ್ಕೂ ಮೀರಿ ಜನ ಹಿಡಿಯುತ್ತಿತ್ತು. 1898ರಲ್ಲಿ ಬೆಂಕಿಗೆ ಹೋಯಿತು. ಮತ್ತೆ ಕಟ್ಟಿದ್ದು 1941ರಲ್ಲಿ ಬಾಂಬಿಗೆ ಹೋಯಿತು. ಎರಡು ಸಲವೂ ಎದುರಿನ ಕಂಬಗಳ ಸಾಲು ಮಾತ್ರ ಉಳಿಯಿತು. 1957ರಲ್ಲಿ ಅವರು ಆ ಕಂಬಗಳ ಹಿಂದೆ ಮೊದಲಿಗಿಂತ ಚಿಕ್ಕದನ್ನು ಕಟ್ಟಿದರು. ಚಿಕ್ಕದು ಕಟ್ಟುವುದಕ್ಕೂ ಧೈರ್ಯ ಬೇಕು.

ನಾನು ಪಾಸ್ಟರ್ ಆಗಿದ್ದ ಒಂದು ಸಭೆಯಲ್ಲಿ ಸಾಲ ಮಾಡಿ ದೊಡ್ಡದು ಕಟ್ಟಿದೆವು. ಆಮೇಲೆ ಏಳು ವರ್ಷ ಪ್ರತಿ ಸದಸ್ಯರ ಸಭೆಯಲ್ಲಿ ಸಾಲದ ಮಾತೇ. ರೋಗಿಗಳನ್ನು ನೋಡಲು ಹೋಗಬೇಕಾದ ಸಂಜೆಗಳಲ್ಲಿ ನಾನು ಕಂತಿನ ಲೆಕ್ಕ ಬರೆಯುತ್ತಾ ಕೂತಿದ್ದೆ. ಅದು ನನ್ನ ತಪ್ಪೂ ಹೌದು. ಇವತ್ತಿಗೂ ಮನಸ್ಸಿಗೆ ನೋವಾಗುತ್ತದೆ.

ಹಳೇ ಗೋಡೆ ಮೇಸ್ತ್ರಿ

ಅಯ್ಯನವರ ಮಾತು ಸರಿ. ನಾನು ನನ್ನ ಕೆಲಸಕ್ಕೆ ಬರುತ್ತೇನೆ.

ಕಾರ್ಯದರ್ಶಿಗಳೇ, ತೊಟ್ಟಿ ಸೋರುತ್ತದೋ ಇಲ್ಲವೋ ಅಂತ ಸುಮ್ನೆ ಊಹೆ ಬೇಡ. ಒಂದು ಬಕೆಟ್ ಸಾಕು. ತೊಟ್ಟಿಯನ್ನು ಎಂದಿನ ಮಟ್ಟಕ್ಕೆ ತುಂಬಿಸಿ. ಒಳಗಿನ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಹೊರಗಿನ ನೀರಿನ ಮಟ್ಟಕ್ಕೇ ಬಕೆಟ್ಟಿಗೂ ನೀರು ತುಂಬಿ. ಬಕೆಟ್ ತೇಲದ ಹಾಗೆ ಒಳಗೊಂದು ಕಲ್ಲು ಇಡಿ. ಎರಡೂ ಕಡೆ ಗುರುತು ಹಾಕಿ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ನೀರು ಆವಿಯಾಗಿದೆ ಅಷ್ಟೆ. ತೊಟ್ಟಿ ಜಾಸ್ತಿ ಇಳಿದಿದ್ದರೆ ಸೋರಿಕೆ.

ಒಂದು ವಿಷಯ ಎಲ್ಲರಿಗೂ ತಿಳಿದಿರಲಿ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತೊಟ್ಟಿಯಲ್ಲಿ 1.1 ಮೀಟರ್ ನೀರು ನಿಲ್ಲಿಸಿದರೆ ಐದು ಸಾವಿರ ಲೀಟರ್ ಹತ್ತಿರ ಆಗುತ್ತದೆ. ಅಂದರೆ ಐದು ಟನ್ ಭಾರ. ಹೊಸ ಕಟ್ಟಡದಲ್ಲಿ ತೊಟ್ಟಿಯನ್ನು ಮೇಲಿನ ಮಹಡಿಗೆ ಇಡೋಣ ಅಂತ ಯಾರಾದರೂ ಹೇಳಿದರೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ.

ಮತ್ತೆ ತೊಲೆಗಳು. ಮಧ್ಯದಲ್ಲಿ ನೋಡಬೇಡಿ, ತುದಿ ನೋಡಿ. ಗೋಡೆಯೊಳಗೆ ಹೂತುಕೊಂಡಿರುವ ತುದಿಯೇ ಮೊದಲು ಕೊಳೆಯುವುದು, ಗೆದ್ದಲೂ ಅಲ್ಲಿಂದಲೇ ಹತ್ತುವುದು. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಗಟ್ಟಿ ಮರಕ್ಕೆ ಇಳಿಯುವುದಿಲ್ಲ.

ವೈರಿಂಗ್ ಕೆಲಸದವರು

ತೊಟ್ಟಿಯ ಮಾತು ಬಂದಿದ್ದಕ್ಕೆ ಒಂದೇ ಒಂದು ವಿಷಯ, ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ನೀರಿನಲ್ಲಿ ನಿಂತವರ ಕೈಗೆ ತಂತಿ ಇರುವ ಮೈಕ್ ಕೊಡಬೇಡಿ. 2005ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ಬ್ಯಾಪ್ಟಿಸ್ಟ್ ಪಾಸ್ಟರ್ ದೀಕ್ಷಾಸ್ನಾನದ ತೊಟ್ಟಿಯಲ್ಲಿ ನಿಂತು ಮೈಕ್ ಮುಟ್ಟಿದಾಗ ಶಾಕ್ ಹೊಡೆದು ತೀರಿಕೊಂಡರು. ಸಭೆಯೆಲ್ಲ ನೋಡುತ್ತಿದ್ದಾಗಲೇ. ನೀರು ಬಿಸಿ ಮಾಡುವ ಹೀಟರ್ ಇದ್ದರೆ ಯಾರಾದರೂ ನೀರಿಗೆ ಇಳಿಯುವ ಮೊದಲು ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ವೇದಿಕೆಯ ಸರ್ಕ್ಯೂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಕಡಿತಗೊಳಿಸುವ ಸ್ವಿಚ್, ಹಾಕಿಸಿ. ಅರ್ತಿಂಗ್ ಪರೀಕ್ಷೆ ಮಾಡಿಸಿ. ಬಣ್ಣಕ್ಕಿಂತ, ಹೆಂಚಿಗಿಂತ ಇದು ಮೊದಲು.

ಕುರ್ಚಿ ಎತ್ತುವವರ ಪೈಕಿ ಒಬ್ಬಳು

ನಮ್ಮ ಅಮ್ಮನನ್ನೂ ಹೀಗೇ ಎತ್ತಿ ಒಳಗೆ ಒಯ್ಯುತ್ತೇವೆ. ಆಕೆಗೆ ಅದು ಎಷ್ಟು ಮುಜುಗರ ಅಂತ ಎತ್ತುವವರಿಗೆ ಗೊತ್ತಾಗುವುದಿಲ್ಲ. ಎಲ್ಲರೂ ಪ್ರೀತಿಯಿಂದಲೇ ಎತ್ತುತ್ತಾರೆ. ಅಮ್ಮ ಕಣ್ಣು ಮುಚ್ಚಿಕೊಂಡಿರುತ್ತಾಳೆ. ನಾಲ್ಕು ಭಾನುವಾರಕ್ಕೆ ಒಂದು ಭಾನುವಾರ ಮೈ ಸರಿಯಿಲ್ಲ ಅಂದುಬಿಡುತ್ತಾಳೆ. ಮೈ ಸರಿಯಾಗಿಯೇ ಇರುತ್ತದೆ.

ಇಳಿಜಾರು ದಾರಿ ಮಾಡಿಸಿ ಅಣ್ಣಾ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಐದು ಮೆಟ್ಟಿಲು ಸೇರಿ ಎರಡೂವರೆ ಅಡಿ ಎತ್ತರ ಇದ್ದರೆ ಮೂವತ್ತು ಅಡಿ ಆಗುತ್ತದೆ. ಉದ್ದ ಅಂತ ಕಡಿಮೆ ಮಾಡಬೇಡಿ. ಕಡಿದಾದರೆ ಗಾಲಿಕುರ್ಚಿ ತಳ್ಳಲೂ ಆಗುವುದಿಲ್ಲ, ಹಿಡಿಯಲೂ ಆಗುವುದಿಲ್ಲ. ಮಧ್ಯೆ ತಿರುವು ಕೊಟ್ಟು, ಅಲ್ಲಿ ಸಮತಟ್ಟಾದ ಜಾಗ ಬಿಡಿ. ಇದಕ್ಕೆ ಕಟ್ಟಡ ಕೆಡವುವುದೂ ಬೇಡ, ನೂರು ವರ್ಷ ತುಂಬುವವರೆಗೆ ಕಾಯುವುದೂ ಬೇಡ.

ಸಭೆಯ ಕಾರ್ಯದರ್ಶಿ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಕ್ಷಮಿಸಿ.

ಮೇಸ್ತ್ರಿಗಳು ಹೇಳಿದ ಬಕೆಟ್ ಪರೀಕ್ಷೆ ಮಾಡಿದೆವು. ಶನಿವಾರ ಸಂಜೆ ನಾಲ್ಕು ಜನ ಸೇರಿ ಹಲಗೆ ತೆಗೆದೆವು. ಒಳಗಿನಿಂದ ತಣ್ಣಗೆ ಮಣ್ಣಿನ ವಾಸನೆ ಬಂತು. ಏಳು ಮೆಟ್ಟಿಲು. ಮೇಲಿನ ಮೂರು ಚೂಪಾಗಿಯೇ ಇವೆ. ಕೆಳಗಿನ ನಾಲ್ಕರ ನಡುಭಾಗ ಪಾದಗಳಿಂದ ಸವೆದು ಸ್ವಲ್ಪ ತಗ್ಗಾಗಿದೆ. ನಾನು ಕೈಯಿಂದ ಮುಟ್ಟಿ ನೋಡಿದೆ. ನನ್ನ ಅಜ್ಜಿ ಇಳಿದದ್ದು, ಅಪ್ಪ ಇಳಿದದ್ದು, ಹದಿನೇಳನೇ ವಯಸ್ಸಿನಲ್ಲಿ ನಾನು ಇಳಿದದ್ದು ಇದೇ ಮೆಟ್ಟಿಲು. ಇಷ್ಟು ವರ್ಷ ಮೇಲೆ ನಿಂತು ಪ್ರಕಟಣೆ ಓದಿದ್ದೇನೆ, ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಫಲಿತಾಂಶ ಮಾತ್ರ ನಾವು ಅಂದುಕೊಂಡ ಹಾಗಿಲ್ಲ. ಬಕೆಟ್ಟಿನ ನೀರೂ ತೊಟ್ಟಿಯ ನೀರೂ ಒಂದೇ ಸಮ. ತೊಟ್ಟಿ ಸೋರುತ್ತಿಲ್ಲ! ಹಾಗಾದರೆ ಗೋಡೆಗೆ ನೀರು ಎಲ್ಲಿಂದ?

ಹಳೇ ಗೋಡೆ ಮೇಸ್ತ್ರಿ

ತೊಟ್ಟಿ ಖಾಲಿ ಮಾಡುವುದು ಹೇಗೆ?

ಸಭೆಯ ಕಾರ್ಯದರ್ಶಿ

ತಳದಲ್ಲಿ ಮರದ ಬಿರಡೆ ಇದೆ. ಎಳೆದರೆ ನೀರು ಹೋಗುತ್ತದೆ. ಪೂರ್ತಿ ಖಾಲಿಯಾಗಲು ಮಾತ್ರ ಒಂದು ರಾತ್ರಿ ಬೇಕು.

ಹಳೇ ಗೋಡೆ ಮೇಸ್ತ್ರಿ

ಒಂದು ರಾತ್ರಿಯಾ? ಐದು ಸಾವಿರ ಲೀಟರ್ ಹೋಗಲು ಅಷ್ಟು ಹೊತ್ತು ಬೇಡ. ಆ ನೀರು ಎಲ್ಲಿಗೆ ಹೋಗುತ್ತದೆ? ಹೊರಗೆ ಪೈಪಿನ ಬಾಯಿ ಕಾಣುತ್ತದಾ?

ಸಭೆಯ ಕಾರ್ಯದರ್ಶಿ

ಇಲ್ಲ. ಹಿಂದೆಲ್ಲ ಕಾಂಕ್ರೀಟ್ ಅಂಗಳ. ಬಿರಡೆ ಎಳೆಯುತ್ತಿದ್ದೆವು, ನೀರು ಹೋಗುತ್ತಿತ್ತು. ಎಲ್ಲಿಗೆ ಅಂತ ಯಾರೂ ಕೇಳಿರಲಿಲ್ಲ. ನಮ್ಮ ಹಿರಿಯರನ್ನು ಕೇಳಿದೆ, ಯಾರಿಗೂ ನೆನಪಿಲ್ಲ.

ಇತಿಹಾಸ ಓದುವವಳು

ಅಣ್ಣಾ, ಬೀರು ತೆರೆದಿರಾ?

ಸಭೆಯ ಕಾರ್ಯದರ್ಶಿ

ತೆರೆದೆ ಅಕ್ಕಾ. ಮೂರು ರಾತ್ರಿ ಕೂತು ಓದಿದೆ. ಇದನ್ನು ಬರೆಯುವಾಗ ಇನ್ನೂ ಮೈ ಜುಂ ಅನ್ನುತ್ತಿದೆ.

ಮೊದಲ ಪುಸ್ತಕದ ಅಂಚನ್ನು ಗೆದ್ದಲು ತಿಂದಿದೆ, ಅಕ್ಷರ ಮಾತ್ರ ಸ್ಪಷ್ಟ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಅಂದಿನ ಕಾರ್ಯದರ್ಶಿ ಪ್ರತಿ ಸಭೆಯ ಕೊನೆಗೆ ಹಾಜರಿದ್ದವರ ಸಂಖ್ಯೆ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಒಂದೇ ಒಂದು ಗೆರೆಯೂ ಸೊಟ್ಟ ಇಲ್ಲ.

ಕಟ್ಟಡದ ಎರಡನೇ ವರ್ಷದ ನಡಾವಳಿಯಲ್ಲಿ ನಮಗೆ ಬೇಕಾದದ್ದು ಸಿಕ್ಕಿತು. ತೊಟ್ಟಿಯ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಿದೆ ಅಂತ ಆಗಲೇ ಯಾರೋ ದೂರು ಹೇಳಿದ್ದಾರೆ. ಅದಕ್ಕೆ ಹಿಂದಿನ ಗೋಡೆಯ ಅಡಿಯಿಂದ ಮಣ್ಣಿನ ಕೊಳವೆ ಹಾಕಿ, ನೀರನ್ನು ತೋಟದ ಕಡೆ ಬಿಡಲು ನಿರ್ಣಯ ಮಾಡಿದ್ದಾರೆ. ಆ ಬದಿಯ ಚಾವಣಿಯ ಮಳೆನೀರನ್ನೂ ಅದೇ ಕೊಳವೆಗೆ ಸೇರಿಸಿದ್ದಾರೆ. ವರ್ಷಕ್ಕೊಮ್ಮೆ ಕೊಳವೆಯ ಬಾಯಿ ಸ್ವಚ್ಛ ಮಾಡಬೇಕು ಅಂತ ಇಬ್ಬರು ಸಭಾಸೇವಕರಿಗೆ ಹೊಣೆ ಕೊಟ್ಟಿದ್ದಾರೆ. ಮುಂದೆ ಹಲವು ವರ್ಷ ಆ ಕೆಲಸ ಆಯಿತು ಅಂತ ಪ್ರತಿ ವರ್ಷ ಒಂದು ಸಾಲು. ಆಮೇಲೆ ಆ ಸಾಲು ನಿಂತುಹೋಗಿದೆ.

ತೀರಾ ಈಚಿನ ಪುಸ್ತಕದಲ್ಲಿ, ನನ್ನ ಅಪ್ಪನ ಕಾಲದಲ್ಲಿ, ಹಿಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಕಲು ನಿರ್ಣಯ. ಕೊಳವೆಯ ಮಾತೇ ಇಲ್ಲ. ಬಾಯಿ ಮುಚ್ಚಿಹೋಗಿದೆ. ಅಂದಿನಿಂದ ಆ ಬದಿಯ ಚಾವಣಿಗೆ ಬಿದ್ದ ಮಳೆಯೆಲ್ಲ, ಪ್ರತಿ ದೀಕ್ಷಾಸ್ನಾನದ ನೀರೆಲ್ಲ ಗೋಡೆಯ ಬುಡಕ್ಕೇ ಹೋಗಿದೆ. ಮೇಲೆ ನಾವು ಸಿಮೆಂಟ್ ಮೆತ್ತಿದ್ದೇವೆ.

ಇನ್ನೊಂದು ವಿಷಯ. ಗೋಡೆಯಲ್ಲಿರುವ ಅಸ್ತಿವಾರದ ಕಲ್ಲು ನೋಡಿ ಸಭೆಗೆ ನೂರು ವರ್ಷ ಅಂದುಕೊಂಡಿದ್ದೆವು. ಅದು ಕಟ್ಟಡದ ವರ್ಷ. ಸಭೆ ಅದಕ್ಕಿಂತ ಹನ್ನೊಂದು ವರ್ಷ ಮೊದಲೇ ಒಬ್ಬ ಬಡಗಿಯ ಮನೆಯ ಹಜಾರದಲ್ಲಿ ಒಂಬತ್ತು ಜನರಿಂದ ಶುರುವಾಗಿದೆ. ಒಂಬತ್ತರಲ್ಲಿ ಐವರು ಹೆಂಗಸರು. ಅವರ ಹೆಸರು ನಮ್ಮ ಯಾವ ಫಲಕದಲ್ಲೂ ಇಲ್ಲ. ನೂರು ವರ್ಷ ಆಗಲೇ ತುಂಬಿ ಹೋಗಿದೆ, ನಮಗೆ ಗೊತ್ತೇ ಇರಲಿಲ್ಲ.

ಇತಿಹಾಸ ಓದುವವಳು

ಅಣ್ಣಾ, ಓದಿ ಕಣ್ಣು ತುಂಬಿ ಬಂತು. ಆ ಒಂಬತ್ತು ಹೆಸರುಗಳನ್ನು ಮೊದಲು ಬರೆದುಕೊಳ್ಳಿ. ಅವರ ಮೊಮ್ಮಕ್ಕಳು ಯಾರಾದರೂ ಸಭೆಯಲ್ಲಿದ್ದಾರಾ ಕೇಳಿ, ಮನೆಯಲ್ಲಿ ಫೋಟೋ ಇದ್ದರೆ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಸಿ. ವಯಸ್ಸಾದವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇದಕ್ಕೆ ಮುಂದಿನ ತಿಂಗಳು ಅನ್ನಬೇಡಿ. ಸದಸ್ಯರ ಪಟ್ಟಿ, ದೀಕ್ಷಾಸ್ನಾನದ ದಾಖಲೆ, ಲೆಕ್ಕದ ಪುಸ್ತಕ ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಓದಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ. ಹೆಂಗಸರ ಹೆಸರು ನಡಾವಳಿಗಿಂತ ಕಾಣಿಕೆಯ ಲೆಕ್ಕದಲ್ಲಿ ಜಾಸ್ತಿ ಸಿಗುತ್ತದೆ, ಇದು ನನ್ನ ಅನುಭವ.

ಜಾಗದ ಪತ್ರವನ್ನೂ ಹುಡುಕಿ. ಹಳೇ ಸಭೆಗಳಲ್ಲಿ ಜಮೀನು ಎಂದೋ ತೀರಿಕೊಂಡ ಟ್ರಸ್ಟಿಗಳ ಹೆಸರಿನಲ್ಲೇ ಇರುವುದುಂಟು. ಗೋಡೆ ಮುಟ್ಟುವ ಮೊದಲು ಅದು ಸರಿಯಾಗಬೇಕು.

ಯುವಜನರ ಕೂಟ

ಕೊಳವೆಯ ವಿಷಯ ಓದಿ ಖುಷಿಯಾಯಿತು ಅಣ್ಣಾ. ನನ್ನ ಪ್ರಶ್ನೆ ಮಾತ್ರ ಹಾಗೇ ಇದೆ. ಗೋಡೆ ಒಣಗುತ್ತದೆ, ಸರಿ. ಮಕ್ಕಳಿಗೆ ಕೋಣೆ?

ನಿವೃತ್ತ ಪಾಸ್ಟರ್

ಒಳ್ಳೇ ಪ್ರಶ್ನೆ ತಮ್ಮಾ, ಬಿಡಬೇಡ. ದುಡ್ಡಿನ ವಿಷಯದಲ್ಲಿ ಒಂದು ಮಾತು ಹೇಳುತ್ತೇನೆ. ಅಮೆರಿಕದ ಬರ್ಮಿಂಗ್‌ಹ್ಯಾಮಿನ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ದೇವಾಲಯದ ಬಗ್ಗೆ ಕೇಳಿರುತ್ತೀರಿ. ಅಲಬಾಮಾದ ಕಪ್ಪು ಜನರ ಸಭೆ, 1873ರಲ್ಲಿ ಶುರುವಾದದ್ದು. ಈಗಿನ ಕಟ್ಟಡ 1911ರದ್ದು. 1963ರ ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ ಅಲ್ಲಿ ಬಾಂಬ್ ಇಟ್ಟು ನಾಲ್ಕು ಹುಡುಗಿಯರನ್ನು ಕೊಂದರು. ದೂರದ ವೇಲ್ಸ್ ದೇಶದವರು ಆ ದೇವಾಲಯಕ್ಕೆ ಒಂದು ಬಣ್ಣದ ಗಾಜಿನ ಕಿಟಕಿ ಮಾಡಿಸಿಕೊಟ್ಟರು. ಯಾರೂ ಅರ್ಧ ಕ್ರೌನಿಗಿಂತ (ಆಗಿನ ಒಂದು ಬ್ರಿಟಿಷ್ ನಾಣ್ಯ) ಜಾಸ್ತಿ ಕೊಡಬಾರದು ಅಂತ ನಿಯಮ ಮಾಡಿದರು. ಒಬ್ಬ ಶ್ರೀಮಂತ ಕೊಟ್ಟದ್ದು ಅಂತ ಆಗಬಾರದು, ಎಲ್ಲರೂ ಸೇರಿ ಕೊಟ್ಟದ್ದು ಅಂತ ಆಗಬೇಕು ಅನ್ನುವುದು ಅವರ ಆಸೆ. ಮಕ್ಕಳೂ ಸಾಲಾಗಿ ಬಂದು ಚಿಲ್ಲರೆ ಕಾಸು ಹಾಕಿದರು. ಕೈ ಚಾಚಿ ನಿಂತ ಕಪ್ಪು ಕ್ರಿಸ್ತನ ಚಿತ್ರ ಅದು, ಇವತ್ತಿಗೂ ಅಲ್ಲಿದೆ.

ನಿಮ್ಮಲ್ಲಿ ಮಕ್ಕಳ ಕೋಣೆಗೆ ಬೇರೆಯೇ ನಿಧಿ ಇಡಿ. ಚಾವಣಿಯ ದುಡ್ಡಿನ ಜೊತೆ ಬೆರೆಸಬೇಡಿ. ಬೆರೆಸಿದರೆ ಯಾವಾಗಲೂ ಚಾವಣಿಯೇ ಗೆಲ್ಲುತ್ತದೆ.

ಹಳೇ ಗೋಡೆ ಮೇಸ್ತ್ರಿ

ಗೋಡೆ ಬಗ್ಗೆ ಆತುರ ಬೇಡ. ಕೊಳವೆಯ ದಾರಿ ಹುಡುಕಿ, ಕಾಂಕ್ರೀಟ್ ಅಗೆದು ಹೊಸ ಪೈಪ್ ಹಾಕಿಸಿ. ಮಳೆನೀರಿಗೆ ಬೇರೆ ಪೈಪ್, ತೊಟ್ಟಿಗೆ ಬೇರೆ. ಗೋಡೆಯಿಂದ ಒಂದು ಮೊಳ ಅಗಲ ಕಾಂಕ್ರೀಟ್ ಪೂರ್ತಿ ಕಿತ್ತು ಜಲ್ಲಿ ತುಂಬಿಸಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ತಗ್ಗಿರಬೇಕು. ಒಳಗಿನ ಸಿಮೆಂಟ್ ಉದುರಿಸಿ ಗೋಡೆಯನ್ನು ಬರೀ ಮೈಯಲ್ಲಿ ಬಿಡಿ. ದಪ್ಪ ಕಲ್ಲಿನ ಗೋಡೆ ಒಣಗಲು ಒಂದು ವರ್ಷವೇ ಬೇಕಾಗಬಹುದು. ನೋಡಲು ಚೆನ್ನಾಗಿರುವುದಿಲ್ಲ. ಆಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣವೇ. ಪ್ಲಾಸ್ಟಿಕ್ ಬಣ್ಣ ಬೇಡ.

ತೊಲೆ ತುದಿ ನೋಡಿದಿರಾ?

ಸಭೆಯ ಕಾರ್ಯದರ್ಶಿ

ನೋಡಿದೆವು. ಹದಿನಾಲ್ಕರಲ್ಲಿ ಹನ್ನೊಂದು ಗಟ್ಟಿ. ಒದ್ದೆ ಗೋಡೆಯ ಕಡೆಯ ಮೂರಕ್ಕೆ ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯಿತು. ಇಂಜಿನಿಯರ್ ಬಂದು ನೋಡಿ ಆ ಮೂರರ ತುದಿ ಕತ್ತರಿಸಿ ಹೊಸ ಮರ ಜೋಡಿಸಬಹುದು ಅಂದರು. ಕೆಲಸ ಮುಗಿಯುವವರೆಗೆ ಕೆಳಗೆ ಆಧಾರ ಕೊಟ್ಟಿದ್ದೇವೆ, ಆ ಕಡೆಯ ಬೆಂಚುಗಳನ್ನು ಸರಿಸಿದ್ದೇವೆ.

ಕಳೆದ ಭಾನುವಾರ ಸದಸ್ಯರ ಸಭೆ ಆಯಿತು. ನಾನು ಶುರುವಿಗೆ ಕಟ್ಟಡದ ಮಾತು ಎತ್ತಲಿಲ್ಲ. ಆ ಒಂಬತ್ತು ಜನರ ಹೆಸರು ಓದಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, ಆರನೇ ಹೆಸರು ಕೇಳಿ ಮೆಲ್ಲಗೆ ಎದ್ದು ನಿಂತರು. ಅದು ಅವರ ಅಜ್ಜಿಯ ಹೆಸರು. ಆಮೇಲೆ ಕೊಳವೆಯ ನಿರ್ಣಯವನ್ನೂ, ಪ್ರತಿ ವರ್ಷದ ಆ ಒಂದೊಂದು ಸಾಲನ್ನೂ ಓದಿದೆ. ಕೆಡವಬೇಕು ಅನ್ನುತ್ತಿದ್ದವರೂ, ಮುಟ್ಟಬಾರದು ಅನ್ನುತ್ತಿದ್ದವರೂ ಸುಮ್ಮನೆ ಕೇಳಿದರು.

ಒಪ್ಪಿಗೆ ಆದದ್ದು ಇಷ್ಟು. ವೇದಿಕೆಯ ವೈರಿಂಗ್ ಈ ವಾರವೇ. ಕೊಳವೆ, ತೊಲೆ, ಹೆಂಚು ಮಳೆಗಾಲಕ್ಕೆ ಮೊದಲು. ಇಳಿಜಾರು ದಾರಿಯನ್ನು ಯುವಕರು ತಾವೇ ನಿಂತು ಮಾಡಿಸುತ್ತೇವೆ ಅಂದಿದ್ದಾರೆ, ಅಳತೆ ಒಂದಕ್ಕೆ ಹನ್ನೆರಡೇ. ಮಕ್ಕಳ ಕೋಣೆಗೆ ಅಯ್ಯನವರು ಹೇಳಿದ ಹಾಗೆ ಬೇರೆ ನಿಧಿ. ಎರಡು ಮಹಡಿಯ ಮಾತು ಮುಗಿದಿಲ್ಲ. ಹಿಂದಿನ ಖಾಲಿ ಜಾಗದಲ್ಲಿ ಬೇರೆ ಕೋಣೆ ಸಾಕು ಅಂತ ಕೆಲವರು, ಸಾಲದು ಅಂತ ಕೆಲವರು. ಮೂರು ಮತಗಳ ವ್ಯತ್ಯಾಸದಲ್ಲಿ ಮುಂದಿನ ಸಭೆಗೆ ಹೋಗಿದೆ. ಇಂಜಿನಿಯರ್ ಹತ್ತಿರ ಎರಡಕ್ಕೂ ನಕ್ಷೆ ಬರೆಸಿ ಇಡುತ್ತೇವೆ.

ಕೊಳವೆಯ ಬಾಯಿ ಸ್ವಚ್ಛ ಮಾಡುವ ಹೊಣೆಯನ್ನು ಮತ್ತೆ ಇಬ್ಬರು ಸಭಾಸೇವಕರಿಗೆ ಕೊಟ್ಟು ನಡಾವಳಿಯಲ್ಲಿ ಬರೆದೆವು. ಕೆಳಗೆ ನಾನೂ ಒಂದು ಗೆರೆ ಎಳೆದೆ.

ದೀಕ್ಷಾಸ್ನಾನಕ್ಕೆ ನಾಲ್ಕು ಜನ ಸಿದ್ಧರಿದ್ದಾರೆ. ಹೊಸ ಪೈಪ್ ಹಾಕಿಸುವವರೆಗೆ ಕಾಯುತ್ತೇವೆ ಅಂದಿದ್ದಾರೆ. ಮೇಸ್ತ್ರಿಗಳೇ, ಮಣ್ಣಿನ ಹಳೇ ಕೊಳವೆಯನ್ನು ಪೂರ್ತಿ ತೆಗೆಯಬೇಕಾ, ಅಥವಾ ಬಾಯಿ ಮುಚ್ಚಿ ಹಾಗೇ ಬಿಡಬಹುದಾ?

ಹಳೇ ಗೋಡೆ ಮೇಸ್ತ್ರಿ

ಗೋಡೆಯ ಅಡಿಯ ಭಾಗ ತೆಗೆಯಬೇಡಿ, ಪಾಯ ಸಡಿಲ ಆಗುತ್ತದೆ. ಒಳಗೆ ನೀರು ಹೋಗದ ಹಾಗೆ ಎರಡೂ ತುದಿಗೆ ಸುಣ್ಣದ ಗಾರೆ ತುಂಬಿ ಮುಚ್ಚಿ. ಹೊಸ ಪೈಪಿಗೆ ಬೇರೆ ದಾರಿ ಮಾಡಿ. ಅಗೆಯುವ ದಿನ ಹೇಳಿ, ಫೋಟೋ ಕಳಿಸಿ, ನಾನು ನೋಡುತ್ತೇನೆ.